ಪೀಣ್ಯದಲ್ಲಿ ಕೆಲಸ, ತುಮಕೂರಿನಲ್ಲಿ ಅಮ್ಮನ ಶುಗರ್: ನಿಭಾಯಿಸುವುದು ಹೇಗೆ?

ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರಿಗೆ ನಸುಕಿನಲ್ಲಿ ಏಳುವುದು, ಸೀಟು ಸಿಗದೆ ನಿಲ್ಲುವುದು ಎಲ್ಲಾ ಅಭ್ಯಾಸವಾಗಿಬಿಡುತ್ತದೆ. ಮನೆಯಲ್ಲಿ ಹುಷಾರಿಲ್ಲದವರನ್ನು ಬಿಟ್ಟು ಬಂದಿದ್ದೇವೆ ಅನ್ನುವ ಚಿಂತೆ ಮಾತ್ರ ಅಭ್ಯಾಸವಾಗುವುದಿಲ್ಲ. ನನ್ನ ಅಮ್ಮನಿಗೆ ಶುಗರ್ ಇದೆ, ಇನ್ಸುಲಿನ್ ತಗೊಳ್ಳುತ್ತಾರೆ. ಹಗಲೆಲ್ಲಾ ಮನೆಯಲ್ಲಿ ಒಬ್ಬರೇ ಇರುತ್ತಾರೆ. ನಾನು ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ.

ಅಷ್ಟು ದೂರದಿಂದ ಗಂಟೆಗೊಂದು ಸಲ ಫೋನ್ ಮಾಡಿದರೆ ಅಮ್ಮನಿಗೂ ಕಿರಿಕಿರಿ, ನಮ್ಮ ಕೆಲಸವೂ ಕೆಡುತ್ತದೆ. ಐದು ನಿಮಿಷದಲ್ಲಿ ನಿಮ್ಮ ಮನೆ ಬಾಗಿಲಿಗೆ ಬರಬಲ್ಲ ಒಬ್ಬರು ಬೇಕು. ಬಂದ ಮೇಲೆ ಏನು ಮಾಡಬೇಕು ಅಂತ ಅವರಿಗೆ ಮೊದಲೇ ಗೊತ್ತಿರಬೇಕು. ಮಿಕ್ಕ ಏರ್ಪಾಡೆಲ್ಲಾ ಇದಾದ ಮೇಲೆ.

ನಮಗೆ ಪಕ್ಕದ ಮನೆ ಅಕ್ಕ ಇದ್ದಾರೆ. "ಅಮ್ಮನನ್ನ ಸ್ವಲ್ಪ ನೋಡ್ಕೊಳಿ ಅಕ್ಕ" ಅಂತ ಹೇಳಿ ಹೋದರೆ ಸಾಲದು. ಆ ಮಾತಿಗೆ ಎಲ್ಲರೂ ಹೂಂ ಅನ್ನುತ್ತಾರೆ, ಏನು ನೋಡಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಭಾನುವಾರ ಅವರನ್ನು ಮನೆಗೆ ಕರೆದು ಕೂರಿಸಿಕೊಳ್ಳಿ. ಗ್ಲುಕೋಮೀಟರ್ ತೋರಿಸಿ. ಅವರ ಕೈಯಲ್ಲೇ ಒಂದು ಸಲ ಚುಚ್ಚಿಸಿ, ನಂಬರ್ ಓದಿಸಿ. ಒಂದು ಬೀಗದ ಕೈ ಅವರ ಹತ್ತಿರವೇ ಇರಲಿ. ಅವರು ಊರಿಗೆ ಹೋಗುವ ದಿನಕ್ಕೆ ಇನ್ನೊಬ್ಬರನ್ನೂ ಗೊತ್ತು ಮಾಡಿಕೊಳ್ಳಿ. ನನ್ನ ತಂಗಿ ಗುಬ್ಬಿಯಲ್ಲಿದ್ದಾಳೆ, ಕರೆದರೆ ಬರುತ್ತಾಳೆ. ಆದರೆ ಶುಗರ್ ಇಳಿದಾಗ ಗುಬ್ಬಿಯೂ ದೂರವೇ.

ಆಮೇಲೆ ಫ್ರಿಡ್ಜ್ ಮೇಲೆ ಒಂದು ಹಾಳೆ ಅಂಟಿಸಿ. ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ. ಮೇಲುಗಡೆ ಅಮ್ಮನ ಹೆಸರು, ವಯಸ್ಸು, ತಗೊಳ್ಳುವ ಇನ್ಸುಲಿನ್ ಮತ್ತು ಮಾತ್ರೆಗಳ ಹೆಸರು, ಎಷ್ಟು, ಯಾವಾಗ, ಆಗದ ಔಷಧಿ ಇದ್ದರೆ ಅದು. ಅದರ ಕೆಳಗೆ ಶುಗರ್ ಇಳಿದರೆ ಮಾಡಬೇಕಾದ್ದು. ಇನ್ಸುಲಿನ್ ತಗೊಳ್ಳುವವರ ಮನೆಯಲ್ಲಿ ಜಾಸ್ತಿ ಆತುರ ಬೇಕಾಗುವುದು ಇದಕ್ಕೇ. ಶುಗರ್ ಏರಿದರೆ ಸಾಮಾನ್ಯವಾಗಿ ಡಾಕ್ಟರನ್ನು ಕೇಳುವಷ್ಟು ಹೊತ್ತು ಸಿಗುತ್ತದೆ, ಇಳಿದರೆ ಸಿಗುವುದಿಲ್ಲ. ಬೆವರುವುದು, ಕೈ ನಡುಗುವುದು, ತಡೆಯಲಾಗದ ಹಸಿವು, ತಲೆ ಸುತ್ತು, ಕೇಳಿದ್ದಕ್ಕೆ ಏನೋ ಒಂದು ಉತ್ತರ ಕೊಡುವುದು, ಇವೆಲ್ಲಾ ಅದರ ಗುರುತು. ಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇನ್ನೂ ಏರದಿದ್ದರೆ ಮತ್ತೆ ಅಷ್ಟೇ ಕುಡಿಸಬೇಕು. ಏರಿದ ಮೇಲೆ ಊಟವನ್ನೋ ತಿಂಡಿಯನ್ನೋ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಈ ಕೊನೆಯ ಸಾಲನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಗಾಬರಿಯಲ್ಲಿ ನೀರು ಕುಡಿಸಲು ಹೋಗುವವರು ತುಂಬಾ ಜನ.

ನಮ್ಮ ಕಡೆ ಅಮ್ಮಂದಿರು ಸೋಮವಾರ, ಶನಿವಾರ ಒಪ್ಪತ್ತು ಮಾಡುತ್ತಾರೆ, ಅಲ್ವಾ? ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಶುಗರ್ ಇಳಿಯುವುದು ಖಂಡಿತ ಅಂತಲೇ ಇಟ್ಟುಕೊಳ್ಳಿ. ಬಿಡಿ ಅಂತ ಜಗಳ ಆಡಿದರೆ ಹೇಳದೆ ಮಾಡುತ್ತಾರೆ. ಡಾಕ್ಟರ್ ಬಾಯಲ್ಲೇ ಹೇಳಿಸಿ. ಆ ದಿನ ಡೋಸ್ ಏನು ಮಾಡಬೇಕು ಅನ್ನುವುದನ್ನೂ ಅವರನ್ನೇ ಕೇಳಿ.

ಫೋನಿಗೆ ಎರಡು ಹೊತ್ತು ಸಾಕು. ತಿಂಡಿ ಆದ ಮೇಲೆ ಒಂದು, ಮಧ್ಯಾಹ್ನದ ಊಟದ ಹೊತ್ತಿಗೆ ಒಂದು. "ಹುಷಾರಾಗಿದ್ದೀಯಾ" ಅಂತ ಕೇಳಬೇಡಿ. ಎಲ್ಲಾ ಅಮ್ಮಂದಿರೂ ಹುಷಾರಾಗಿದ್ದೀನಿ ಅಂತಲೇ ಹೇಳುತ್ತಾರೆ. "ಏನು ತಿಂದೆ ಅಮ್ಮಾ, ಎಷ್ಟು ಬಂತು ನಂಬರ್ರು" ಅಂತ ಕೇಳಿ. ಅವರು ಫೋನ್ ಎತ್ತದಿದ್ದರೆ ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿ. ಆಗಲೂ ಎತ್ತದಿದ್ದರೆ ಸಂಕೋಚ ಬಿಟ್ಟು ಪಕ್ಕದ ಮನೆಗೆ ಮಾಡಿ.

ಟೆಸ್ಟುಗಳಿಗೆ ರಜೆ ಹಾಕುವುದನ್ನು ಕಡಿಮೆ ಮಾಡಬಹುದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಟೆಸ್ಟಿಗೆ ಖಾಲಿ ಹೊಟ್ಟೆ ಬೇಕಿಲ್ಲ. ಸಂಜೆ ರೈಲಿಳಿದು ಬಂದ ಮೇಲೂ ಕರೆದುಕೊಂಡು ಹೋಗಿ ಮಾಡಿಸಬಹುದು. ಖಾಲಿ ಹೊಟ್ಟೆಯದನ್ನು ಮನೆಗೇ ಬಂದು ರಕ್ತ ತಗೊಳ್ಳುವ ಲ್ಯಾಬ್‌ನವರಿಂದ ಮಾಡಿಸಿ. ಉಳಿಸಿದ ಆ ಅರ್ಧ ದಿನದ ರಜೆ ಡಾಕ್ಟರ್ ಹತ್ತಿರ ಕೂರುವುದಕ್ಕೆ ಇರಲಿ. ಅಲ್ಲಿ ನೀವೇ ಪಕ್ಕದಲ್ಲಿ ಇರಬೇಕು.

ಆಫೀಸಿನಲ್ಲಿ ಸೂಪರ್‌ವೈಸರ್‌ಗೆ ವಿಷಯ ಮೊದಲೇ ತಿಳಿದಿರಲಿ. ಸಂಬಳದಲ್ಲಿ ಇಎಸ್‌ಐ ಕಡಿತ ಆಗುತ್ತಿದ್ದರೆ ನಿಮ್ಮನ್ನೇ ನಂಬಿಕೊಂಡಿರುವ ಅಪ್ಪ ಅಮ್ಮನಿಗೂ ಅದರಲ್ಲಿ ಚಿಕಿತ್ಸೆ ಇದೆ. ಅವರ ಹೆಸರು ಸೇರಿದೆಯೋ ಇಲ್ಲವೋ ಇವತ್ತೇ ವಿಚಾರಿಸಿ.

ಮಧ್ಯಾಹ್ನ ತುರ್ತು ಕರೆ ಬಂತು ಅಂದುಕೊಳ್ಳಿ. ರೈಲಿಗೆ ಕಾಯಬೇಡಿ. ಬಸ್ಸಾದರೆ ಜಾಲಹಳ್ಳಿ ಕ್ರಾಸಿನಲ್ಲೇ ತುಮಕೂರಿನದು ಹತ್ತಿ. ಕ್ಯಾಬ್ ಮಾಡುವುದಾದರೆ ಮೆಟ್ರೋದಲ್ಲಿ ಮಾದಾವರದವರೆಗೆ ಹೋಗಿ ಅಲ್ಲಿಂದ ಮಾಡಿ. 2024ರ ನವೆಂಬರ್‌ನಿಂದ ಹಸಿರು ಮಾರ್ಗ ಅಲ್ಲಿಯವರೆಗೂ ಇದೆ, ಎಂಟನೇ ಮೈಲಿಯ ಟ್ರಾಫಿಕ್ಕಾದರೂ ತಪ್ಪುತ್ತದೆ. ಶುಕ್ರವಾರ ಸಂಜೆ, ಹಬ್ಬದ ಹಿಂದಿನ ದಿನ ನೆಲಮಂಗಲದವರೆಗೆ ರಸ್ತೆ ತುಂಬಿರುತ್ತದೆ, ಅವತ್ತು ಮಾತ್ರ ರೈಲಿನ ಟೈಮೂ ನೋಡಿಕೊಳ್ಳಿ. ಹೊರಡುವ ಮುಂಚೆ ಅಮ್ಮನನ್ನು ಯಾವ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಾರೆ ಅಂತ ಅಕ್ಕನನ್ನು ಕೇಳಿ, ನೇರವಾಗಿ ಅಲ್ಲಿಗೇ ಹೋಗಿ. ಫ್ರಿಡ್ಜ್ ಮೇಲಿನ ಹಾಳೆಯ ಫೋಟೋವನ್ನು ಅಕ್ಕನ ಫೋನಿಗೆ ಮೊದಲೇ ಕಳಿಸಿಟ್ಟಿದ್ದರೆ, ನೀವು ದಾಬಸ್‌ಪೇಟೆ ದಾಟುವ ಮುಂಚೆಯೇ ಡಾಕ್ಟರ್ ಅದನ್ನು ಓದಿರುತ್ತಾರೆ.