ರಕ್ತಕ್ಕೂ ಮೊದಲು ನಾನು ಕೇಳುವ ತಾರೀಖು

ಮಕ್ಕಳಾಗುವ ವಿಷಯದಲ್ಲಿ ಹಾರ್ಮೋನ್ ಪರೀಕ್ಷೆಗೆ ಬಂದವರನ್ನು ನಾನು ಮೊದಲು ಕೇಳುವುದು, ಮುಟ್ಟಾಗಿದ್ದು ಯಾವತ್ತು ಅಂತ. "ಶನಿವಾರ ಸ್ವಲ್ಪ ಕಲೆ ಕಂಡಿತು ಮೇಡಂ, ಸೋಮವಾರದಿಂದ ಚೆನ್ನಾಗಿ ಹೋಗ್ತಿದೆ" ಅಂದರೆ ಮೊದಲ ದಿನ ಸೋಮವಾರವೇ. ಬರೀ ಕಲೆ ಲೆಕ್ಕಕ್ಕಿಲ್ಲ. ಆ ತಾರೀಖನ್ನು ಲ್ಯಾಬಿನ ಚೀಟಿಯಲ್ಲೇ ಬರೆಯುತ್ತೇನೆ. ಯಾವ ದಿನದ ರಕ್ತ ಅಂತ ಗೊತ್ತಿಲ್ಲದಿದ್ದರೆ, ಮೊಟ್ಟೆ ಬೆಳೆಸುವ ಹಾರ್ಮೋನ್ ಆದ ಎಫ್‌ಎಸ್‌ಎಚ್ ಓದಲು ಬರುವುದಿಲ್ಲ.

ಎಫ್‌ಎಸ್‌ಎಚ್, ಮೊಟ್ಟೆ ಬಿಡುಗಡೆ ಮಾಡಿಸುವ ಎಲ್‌ಎಚ್, ಅಂಡಾಶಯದಿಂದ ಬರುವ ಎಸ್ಟ್ರಡಯಾಲ್ ಮೂರಕ್ಕೂ ಎರಡರಿಂದ ನಾಲ್ಕನೇ ದಿನದೊಳಗೆ ರಕ್ತ ತೆಗೆಸುತ್ತೇನೆ. ಖರ್ಚು ಉಳಿಸಲು ಎಫ್‌ಎಸ್‌ಎಚ್ ಒಂದೇ ಸಾಕಾ ಅಂತ ಕೇಳುವವರಿದ್ದಾರೆ. ಸಾಲದು. ಅಂಡಾಶಯದಲ್ಲಿ ಮೊಟ್ಟೆ ಕಮ್ಮಿಯಾದಾಗ ಸಾಮಾನ್ಯವಾಗಿ ಎಫ್‌ಎಸ್‌ಎಚ್ ಏರುತ್ತದೆ. ಆದರೆ ಕೆಲವರಲ್ಲಿ ಎಸ್ಟ್ರಡಯಾಲ್ ಬೇಗ ಏರಿ ಎಫ್‌ಎಸ್‌ಎಚ್ ಅನ್ನು ತಗ್ಗಿಸಿಬಿಡುತ್ತದೆ. ರಿಪೋರ್ಟಿನಲ್ಲಿ ಎಫ್‌ಎಸ್‌ಎಚ್ 7 ಅಂತ ನೋಡಿ ಎಲ್ಲರಿಗೂ ಖುಷಿ. ಪಕ್ಕದಲ್ಲಿ ಎಸ್ಟ್ರಡಯಾಲ್ 80 ದಾಟಿದ್ದರೆ ಆ 7 ಅನ್ನು ನಾನು ನಂಬುವುದಿಲ್ಲ.

ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುವವರು ಈಗ ಜಾಸ್ತಿ. ಕೆಲವು ಯಂತ್ರಗಳಲ್ಲಿ ಅದು ಅಂಕಿಯನ್ನೇ ತಪ್ಪಿಸುತ್ತದೆ. ಎರಡು ಮೂರು ದಿನ ಮೊದಲೇ ನಿಲ್ಲಿಸಿ ಬರಲು ಹೇಳುತ್ತೇನೆ.

ಅಂಡಾಶಯದ ಸ್ಕ್ಯಾನ್ ಕೂಡ ಆ ರಕ್ತ ತೆಗೆಸುವ ದಿನವೇ. "ಮುಟ್ಟಾಗಿರುವಾಗ ಒಳಗಿನ ಸ್ಕ್ಯಾನಾ? ನಿಂತ ಮೇಲೆ ಬರ್ತೀನಿ ಮೇಡಂ" ಅಂತ ಬಹಳ ಜನ ಮುಜುಗರಪಡುತ್ತಾರೆ. ನಿಂತ ಮೇಲೆ ಬಂದರೆ ಒಂದು ಫಾಲಿಕಲ್ (ಮೊಟ್ಟೆ ಇರುವ ಸಣ್ಣ ನೀರಿನ ಗುಳ್ಳೆ) ದೊಡ್ಡದಾಗಿ ಎಣಿಕೆ ಕಷ್ಟವಾಗುತ್ತದೆ. ಹಾಳೆ ಹಾಸಿ, ಬಾಗಿಲು ಹಾಕಿಸಿ, ಇದು ನಮಗೆ ದಿನನಿತ್ಯದ ಕೆಲಸ ಅಂತ ಹೇಳಿದರೆ ಒಪ್ಪುತ್ತಾರೆ. ಎರಡೂ ಅಂಡಾಶಯಗಳಲ್ಲಿ 2ರಿಂದ 10 ಮಿಲಿಮೀಟರಿನ ಫಾಲಿಕಲ್‌ಗಳನ್ನು ಎಣಿಸುತ್ತೇನೆ. ಚಿತ್ರ ನಿಲ್ಲಿಸಿ ಎಣಿಸುವುದಿಲ್ಲ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಸಾಗುತ್ತೇನೆ. ಇಲ್ಲದಿದ್ದರೆ ಹಿಂದಿರುವುದು ಬಿಟ್ಟುಹೋಗುತ್ತದೆ.

ಮೊಟ್ಟೆ ಬಿಡುಗಡೆಯಾಯಿತಾ ಅಂತ ತೋರಿಸುವ ಹಾರ್ಮೋನ್ ಪ್ರೊಜೆಸ್ಟರಾನ್ ವಿಷಯದಲ್ಲಿ 21ನೇ ದಿನ ಅನ್ನುವುದು 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಮಾತ್ರ. 35 ದಿನಕ್ಕೊಮ್ಮೆ ಆಗುವವರಿಗೆ 28ನೇ ದಿನ, ಅಂದರೆ ಮುಂದಿನ ಮುಟ್ಟಿಗೆ ಏಳು ದಿನ ಮೊದಲು, ತೆಗೆಸುತ್ತೇನೆ.

ಸಣ್ಣ ಫಾಲಿಕಲ್‌ಗಳಿಂದ ಬರುವ ಹಾರ್ಮೋನ್ ಎಎಂಎಚ್ ತಿಂಗಳಲ್ಲಿ ಅಷ್ಟಾಗಿ ಏರಿಳಿಯುವುದಿಲ್ಲ, ಹಾಗಾಗಿ ಯಾವ ದಿನವಾದರೂ ಆಗುತ್ತದೆ. ಗರ್ಭನಿರೋಧಕ ಮಾತ್ರೆಯಲ್ಲಿದ್ದರೆ ಕಮ್ಮಿ ಬರಬಹುದು, ಅಷ್ಟೇ. ಆದರೆ ಜಾಸ್ತಿ ಕಣ್ಣೀರು ಹಾಕಿಸುವುದು ಇದೇ ಅಂಕಿ. ಉಳಿದ ಮೊಟ್ಟೆಗಳ ಅಂದಾಜು ಮಾತ್ರ ಅದು. ಬಂಜೆತನದ ಸಮಸ್ಯೆ ಇಲ್ಲದ, 30ರಿಂದ 44 ವಯಸ್ಸಿನ ಹೆಂಗಸರನ್ನು ಗಮನಿಸಿದ 2017ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಎಎಂಎಚ್ ಕಮ್ಮಿ ಇದ್ದವರೂ ಉಳಿದವರಷ್ಟೇ ಸಹಜವಾಗಿ ಗರ್ಭ ಧರಿಸಿದ್ದರು. ಹಾಗಾಗಿ ಮದುವೆ ಗೊತ್ತಾದ ಹುಡುಗಿಗೆ ಸುಮ್ನೆ ಎಎಂಎಚ್ ಮಾಡಿಸಿ ಅಂತ ಮನೆಯವರು ಕೇಳಿದರೆ ನಾನು ಬರೆದುಕೊಡುವುದಿಲ್ಲ. ಅಂಡಾಶಯದ ಆಪರೇಷನ್ನೋ ಕ್ಯಾನ್ಸರ್ ಚಿಕಿತ್ಸೆಯೋ ಮುಂದಿದ್ದರೆ ಮಾತು ಬೇರೆ. ಆಗ ಅದೇ ದಿನ ರಕ್ತ ತೆಗೆಸುತ್ತೇನೆ.