ಒಂದು ಬೆಡ್‌ರೂಮ್ ಮನೆಯಲ್ಲಿ ಫೋಲ್ಡಿಂಗ್ ಸೈಕಲ್: ಖಾಲಿ ಡಬ್ಬ ಕಲಿಸಿದ ಪಾಠ

ಹದಿನಾಲ್ಕು ತಿಂಗಳಾಯಿತು. ನನ್ನ ಫೋಲ್ಡಿಂಗ್, ಅಂದರೆ ಮಡಚುವ ಸೈಕಲ್ ರಾತ್ರಿ ಮನೆಯೊಳಗೇ ಮಲಗುತ್ತದೆ, ಬೆಳಗ್ಗೆ ನನ್ನ ಜೊತೆ ಪೀಣ್ಯಕ್ಕೆ ಕೆಲಸಕ್ಕೆ ಬರುತ್ತದೆ. "ಇದೆಲ್ಲ ಒಂದು ವಾರದ ಆಟ" ಅಂದವರು ಈಗ ಅಳತೆ ಕೇಳಲು ಫೋನ್ ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ನಾಗರಬಾವಿಯಲ್ಲಿ ಬಾಡಿಗೆ ಮನೆ. ಒಂದು ಬೆಡ್‌ರೂಮ್, ಎರಡನೇ ಮಹಡಿ, ಲಿಫ್ಟ್ ಇಲ್ಲ, ಮೂವತ್ತಾರು ಮೆಟ್ಟಿಲು. ಮೆಟ್ಟಿಲು ತಿರುಗುವ ಕಡೆ ದೊಡ್ಡ ಸೈಕಲ್ ತಿರುಗುವುದಿಲ್ಲ. ಕೆಳಗೆ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ದ ನನ್ನ ಗೇರ್ ಸೈಕಲ್‌ನ ಸೀಟು ಒಮ್ಮೆ ಹೋಯಿತು, ಆಮೇಲೆ ಮುಂದಿನ ಚಕ್ರ ಹೋಯಿತು. ಚಕ್ರ ಹೋದ ದಿನವೇ ನಿರ್ಧಾರ ಮಾಡಿದೆ. ಇನ್ನು ಸೈಕಲ್ ಇದ್ದರೆ ಮನೆಯೊಳಗೆ ಇರಬೇಕು.

ಮೊದಲನೇ ಫೋಲ್ಡಿಂಗ್ ಸೈಕಲ್ ಆನ್‌ಲೈನ್‌ನಲ್ಲಿ ತರಿಸಿದೆ, ಸುಮಾರು ಹದಿನೈದೂವರೆ ಸಾವಿರ. ತೂಕ 14 ಕಿಲೋ ಅಂತ ಬರೆದಿದ್ದರು. ನಾಲ್ಕು ದಿನ ಹೊತ್ತ ಮೇಲೆ ಭುಜ ಅನುಮಾನ ಪಟ್ಟಿತು. ಮೂಲೆಯ ಹಳೇ ಪೇಪರ್ ಅಂಗಡಿಯ ತಕ್ಕಡಿ ಮೇಲೆ ಇಟ್ಟರೆ 17 ಚಿಲ್ಲರೆ. ಮೂರು ಕಿಲೋ ವ್ಯತ್ಯಾಸ ರಸ್ತೆಯಲ್ಲಿ ಗೊತ್ತಾಗುವುದಿಲ್ಲ, ಮೂವತ್ತಾರನೇ ಮೆಟ್ಟಿಲಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಜಾಗದ್ದು. ನನ್ನ ಹೆಂಡತಿ ಮೊದಲೇ ಹೇಳಿದ್ದಳು: "ಈ ಮನೇಲಿ ನಮಗೇ ಕಾಲು ಚಾಚೋಕೆ ಜಾಗ ಇಲ್ಲ, ಇದನ್ನ ಎಲ್ಲಿಡ್ತೀರಿ?" ಮೊದಲು ಬಾಲ್ಕನಿಯಲ್ಲಿಟ್ಟೆ. ಒಂದು ಮಳೆಗಾಲಕ್ಕೆ ಬೋಲ್ಟ್‌ಗಳ ತಲೆ ಕೆಂಪಾದವು, ಪಾರಿವಾಳಗಳು ಸೀಟನ್ನು ತಮ್ಮದು ಮಾಡಿಕೊಂಡವು. ಸಜ್ಜಾ ಮೇಲೆ ಹತ್ತಿಸಿದೆ. 17 ಕಿಲೋವನ್ನು ತಲೆಯ ಮೇಲೆ ಎತ್ತಿ ಇಳಿಸುವುದು ಮೂರು ದಿನ ನಡೆಯಿತು, ನಾಲ್ಕನೇ ದಿನ ಬಸ್ಸಿಗೆ ಹೋದೆ. ಗೋಡೆಗೆ ಕೊಕ್ಕೆ ಹಾಕಿದೆ. ನಮ್ಮ ಹಾಲ್‌ನ ಗೋಡೆ ಒಳಗೆ ಪೊಳ್ಳಿರುವ ಹಾಲೋ ಬ್ಲಾಕ್ ಅಂತ ಡ್ರಿಲ್ ಒಳಗೆ ಹೋದ ಮೇಲೆ ತಿಳಿಯಿತು. ಎರಡು ವಾರಕ್ಕೆ ಬೋಲ್ಟು ಪ್ಲಾಸ್ಟರ್ ಸಮೇತ ಕಿತ್ತು ಬಂತು. ಓನರ್ ಅಂಕಲ್ ಬಂದು ನೋಡಿ, "ಏನಪ್ಪಾ, ಗೋಡೇನ ಹಿಂಗೆ ಮಾಡಿದ್ಯಲ್ಲ" ಅಂದರು. ರಿಪೇರಿಗೆ ಸಾವಿರದ ಐನೂರು ಖರ್ಚಾಯಿತು.

ಯುಟಿಲಿಟಿಯಲ್ಲಿ ಬಟ್ಟೆ ಒಣಗಿಸುವ ರಾಟೆ ಹ್ಯಾಂಗರ್ ಇರುತ್ತದಲ್ಲ, ಹಗ್ಗ ಎಳೆದರೆ ಮೇಲೆ ಹೋಗುವುದು. ಅದನ್ನು ನೋಡಿ ಬೇರೆಯೇ ದಪ್ಪ ಹಗ್ಗ, ನಾಲ್ಕು ರಾಟೆ ತಂದು ಸ್ಲ್ಯಾಬ್‌ಗೆ ಕೂರಿಸಿದೆ. ಎತ್ತುವುದು ಸಲೀಸು, ಒಂದೇ ಕೈ ಸಾಕು. ಆದರೆ ನೇತಾಡುವ ಸೈಕಲ್ ಕೆಳಗೆ ನಿಂತು ಬಟ್ಟೆ ಒಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ಒಂದು ದಿನ ಹಗ್ಗ ಗಂಟಿನ ಹತ್ತಿರ ಜಾರಿ, ಸೈಕಲ್ ಒಂದಡಿ ಇಳಿದು ನಿಂತಿತು. ಅವತ್ತೇ ಬಿಚ್ಚಿದೆ. ಸ್ವಂತ ಮನೆ, ಒಳ್ಳೇ ಸ್ಲ್ಯಾಬ್, ಕೆಳಗೆ ಯಾರೂ ಓಡಾಡದ ಜಾಗ ಇದ್ದವರು ಮಾಡಬಹುದು. ನಾನು ಮತ್ತೆ ಮಾಡುವುದಿಲ್ಲ.

ಸೈಕಲ್ ಆರು ಸಾವಿರಕ್ಕೆ ಮಾರಿದೆ. ಒಂಬತ್ತೂವರೆ ಸಾವಿರ ಕೈಬಿಟ್ಟು ಹೋದ ಮೇಲೆ ಕೆಲಸವನ್ನು ಉಲ್ಟಾ ಶುರು ಮಾಡಿದೆ. ಮೊದಲು ಜಾಗ, ಆಮೇಲೆ ಸೈಕಲ್.

ಫ್ರಿಜ್ ಬಂದಿದ್ದ ರಟ್ಟಿನ ಡಬ್ಬ ಕತ್ತರಿಸಿ, 80 ಸೆಂಟಿಮೀಟರ್ ಉದ್ದ, 66 ಎತ್ತರ, 40 ದಪ್ಪದ ಖಾಲಿ ಡಬ್ಬ ಮಾಡಿದೆ. 20 ಇಂಚು ಚಕ್ರದ ಸೈಕಲ್ ಮಡಚಿದರೆ ಹೆಚ್ಚುಕಮ್ಮಿ ಇಷ್ಟೇ ಬರುತ್ತದೆ. ಆ ಡಬ್ಬವನ್ನು ಒಂದು ವಾರ ಮನೆಯಲ್ಲಿ ಇಟ್ಟುಕೊಂಡು ಬಾಳಿದೆವು. ಪಕ್ಕದ ಮನೆಯವರಿಗೆ ಇದು ಹುಚ್ಚಾಟದಂತೆ ಕಂಡಿತು. ನನಗೆ ಇದಕ್ಕಿಂತ ಒಳ್ಳೆಯ ಉಪಾಯ ಇವತ್ತಿಗೂ ಗೊತ್ತಿಲ್ಲ. ಟೇಪ್ ಹಿಡಿದು ಅಳೆದಾಗ ಸರಿ ಕಂಡ ಜಾಗ ಬಾಳಿ ನೋಡಿದರೆ ಸರಿ ಇರುವುದಿಲ್ಲ. ಫ್ರಿಜ್ ಪಕ್ಕ ಇಟ್ಟರೆ ತರಕಾರಿ ಟ್ರೇ ಅರ್ಧಕ್ಕೆ ನಿಂತಿತು. ಮಂಚದ ಕಾಲ ಬಳಿ ಇಟ್ಟರೆ ರಾತ್ರಿ ಎದ್ದಾಗ ಮಗಳು ಎಡವಿದಳು. ಬೀರು ಪಕ್ಕ ಇಟ್ಟರೆ ಬೀರು ಬಾಗಿಲು ಪೂರ್ತಿ ತೆರೆಯಲಿಲ್ಲ. ಐದನೇ ದಿನ ಮುಂಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡ್ ಹೊರಗೆ ಹಾಕಿ ಅಲ್ಲಿಟ್ಟೆ. ಆರನೇ ದಿನ ಹೆಂಡತಿ ಇಸ್ತ್ರಿ ಬಟ್ಟೆಯ ಗಂಟನ್ನು ಸುಮ್ನೆ ಅದರ ಮೇಲಿಟ್ಟಳು. ಅಲ್ಲಿಗೆ ಜಾಗ ಗಟ್ಟಿಯಾಯಿತು. ಅದೇ ಡಬ್ಬಕ್ಕೆ ಹನ್ನೆರಡು ಕಿಲೋ ಅಕ್ಕಿ ತುಂಬಿ ಮೆಟ್ಟಿಲು ಹತ್ತಿ ನೋಡಿದೆ. ಹನ್ನೆರಡು ಆಗುತ್ತದೆ. ಹದಿನಾಲ್ಕು ಕಷ್ಟ.

ಆಮೇಲೆ ಸೈಕಲ್ ಹುಡುಕಾಟ. ಬ್ರಿಟನ್ನಿನ ಬ್ರಾಂಪ್ಟನ್ ಫೋಲ್ಡಿಂಗ್ ಸೈಕಲ್ ನನ್ನ ಆಸೆ. ಹಿಂದಿನ ಚಕ್ರ ಕೆಳಗೆ ಮಡಚಿಕೊಂಡು, ಚೈನ್ ಒಳಗೆ ಸೇರಿ, ಸೂಟ್‌ಕೇಸಿನಷ್ಟಾಗುತ್ತದೆ. ಅದನ್ನು ಮಾಡಿದ ಆಂಡ್ರ್ಯೂ ರಿಚಿ ಲಂಡನ್ನಿನ ತನ್ನ ಫ್ಲಾಟ್‌ನಲ್ಲೇ ಮೊದಲ ಮಾದರಿಗಳ ಕೆಲಸ ಶುರು ಮಾಡಿದ್ದು. ಸಣ್ಣ ಮನೆಯ ಕಷ್ಟ ಗೊತ್ತಿದ್ದವನ ಕೈಕೆಲಸ ಅಂತ ನೋಡಿದರೇ ತಿಳಿಯುತ್ತದೆ. ಆದರೆ ನಾನು ವಿಚಾರಿಸಿದಾಗ ಬೆಲೆ ಒಂದೂವರೆ ಲಕ್ಷ ದಾಟಿತ್ತು. ಅದರ 16 ಇಂಚು ಚಕ್ರ 349 ಅಳತೆಯದು (ಟೈರು ಕೂರುವ ರಿಮ್ಮಿನ ವ್ಯಾಸ, ಮಿಲಿಮೀಟರಿನಲ್ಲಿ), ಟ್ಯೂಬ್ ಬೇಕೆಂದರೆ ನಮ್ಮ ಕಡೆ ಅಂಗಡಿಯಲ್ಲಿ ಸಿಗುವುದಿಲ್ಲ. 20 ಇಂಚಿನಲ್ಲಿ 406 ತಗೊಂಡರೆ ಮಕ್ಕಳ ಸೈಕಲ್ ಟ್ಯೂಬೇ ಆಗುತ್ತದೆ, ಯಾವ ಬೀದಿಯಲ್ಲೂ ಸಿಗುತ್ತದೆ. 451 ಅಂತಲೂ 20 ಇಂಚು ಇದೆ, ನೋಡಿಕೊಂಡು ತಗೊಳ್ಳಿ. ಲಗ್ಗೆರೆ ಕಡೆಯ ಸರ್ವಿಸ್ ರಸ್ತೆಯ ಗುಂಡಿಗೆ 16 ಇಂಚು ನನಗೆ ಧೈರ್ಯ ಕೊಡಲಿಲ್ಲ.

ಮೆಟ್ರೋ ಲೆಕ್ಕವನ್ನೂ ಹಾಕಿದ್ದೆ. 2022ರಲ್ಲಿ ನಮ್ಮ ಮೆಟ್ರೋದಲ್ಲಿ ಫೋಲ್ಡಿಂಗ್ ಸೈಕಲ್ ಒಯ್ಯಲು ಬಿಟ್ಟಾಗ ತುಂಬಾ ಖುಷಿಪಟ್ಟಿದ್ದೆ. ಕೊನೆಯ ಬೋಗಿ, ತೂಕ 15 ಕಿಲೋ ಒಳಗೆ, ಅದು ಸರಿ. ಆದರೆ ಅಳತೆ 60, 45, 25 ಸೆಂಟಿಮೀಟರ್ ಅಂದಾಗ 20 ಇಂಚಿನ ಯಾವ ಸೈಕಲ್ಲೂ ಅದಕ್ಕೆ ಸೇರುವುದಿಲ್ಲ. ನನ್ನ ದಾರಿ ಹೋಗಿ ಬರಲು ಇಪ್ಪತ್ತು ಕಿಲೋಮೀಟರ್ ಒಳಗೆ. ಮೆಟ್ರೋ ಬಿಟ್ಟೆ.

ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಸೈಕಲ್ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಬಾಟಲಿ ಸೀಮೆಎಣ್ಣೆ, ಒಂದು ಸೀಮೆಸುಣ್ಣ ಇರುತ್ತಿತ್ತು. ನಮ್ಮಂಥ ಟೂಲ್ ರೂಮಿನವರಿಗೆ, ಅಂದರೆ ಕಾರ್ಖಾನೆಗೆ ಅಚ್ಚು, ಉಪಕರಣ ಮಾಡುವವರಿಗೆ, ಇದು ಹೊಸದಲ್ಲ. ಹಿಂಜ್ (ಫ್ರೇಮ್ ಮಡಚುವ ಕೀಲು) ಪಕ್ಕದ ವೆಲ್ಡಿಂಗ್ ಮೇಲೆ ಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಆಮೇಲೆ ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕು ಇದ್ದರೆ ಒಳಗೆ ಕೂತ ಎಣ್ಣೆ ಪುಡಿಯ ಮೇಲೆ ಮೇಲಕ್ಕೆ ಬರುತ್ತದೆ. ಹಾಗೆ ನೋಡಿದ ಎರಡನೇ ಸೈಕಲ್‌ನಲ್ಲಿ, ಮಾತು ಹೆಚ್ಚುಕಮ್ಮಿ ಮುಗಿದು ದುಡ್ಡು ಕೊಡುವ ಹೊತ್ತಿಗೆ, ಬಿಳಿ ಪುಡಿಯ ನಡುವೆ ಕೂದಲೆಳೆಯಷ್ಟು ಒದ್ದೆ ಗೆರೆ ಮೂಡಿತು. ಮಾರುವವನಿಗೂ ಗೊತ್ತಿರಲಿಲ್ಲ, ಮುಖ ಬಿಳಿಚಿಕೊಂಡಿತು. ಓಡಿಸಬೇಡಿ ಅಂತ ಹೇಳಿ ಬಂದೆ. ಬಣ್ಣದ ಬಿರುಕೂ ಹೀಗೇ ಕಾಣಬಹುದು ಅಂತ ಕೆಲವರು ಹೇಳುತ್ತಾರೆ. ಇರಬಹುದು. ಹಿಂಜ್ ಹತ್ತಿರ ನಾನು ಅಂಥ ಅನುಮಾನಕ್ಕೆ ದುಡ್ಡು ಹಾಕುವುದಿಲ್ಲ.

ನಾಲ್ಕನೆಯದು ನನ್ನದಾಯಿತು. ಏಳು ಗೇರು, 12 ಕಿಲೋ ಮೇಲೆ ಸ್ವಲ್ಪ, ಇಪ್ಪತ್ತೆರಡು ಸಾವಿರ. ಮಡಚಿದ ದಪ್ಪ 34 ಅಂತ ಕಂಪನಿ ಬರೆದದ್ದು, ನನ್ನ ಟೇಪಿಗೆ ಬ್ರೇಕ್ ಲಿವರ್ ಸೇರಿ 39. ನನ್ನ ಡಬ್ಬ 40 ಇದ್ದದ್ದರಿಂದ ಉಳಿದುಕೊಂಡೆ. ಹಿಂಜ್‌ನಲ್ಲಿ ಸ್ವಲ್ಪ ಅಲುಗಾಟ ಇತ್ತು. ಕ್ಲಾಂಪ್‌ನ ಬೋಲ್ಟ್ ಕಾಲು ಸುತ್ತು ಬಿಗಿ ಮಾಡಿದೆ, ಹೋಯಿತು. ಹ್ಯಾಂಡಲ್ ಪೋಸ್ಟ್‌ನ ಕರಕರ ಸದ್ದಿಗೆ ನಾನು ಲೇತ್‌ನಲ್ಲಿ ಒಂದು ಸಣ್ಣ ತುಂಡು ಮಾಡಿಕೊಂಡೆ. ಅದರ ಅಳತೆ ಇಲ್ಲಿ ಬರೆಯುವುದಿಲ್ಲ. ನೋಡದೆ ಮಾಡಿ ಹಾಕಿದರೆ ಪೋಸ್ಟ್ ಲಾಕ್ ಆಗದೇ ಇರುವ ಅಪಾಯ ಇದೆ.

ಇಡುವ ವ್ಯವಸ್ಥೆಗೆ ಬುದ್ಧಿ ಬಂದದ್ದು ಗ್ಯಾಸ್ ಸಿಲಿಂಡರ್ ಟ್ರಾಲಿಯಿಂದ. ತುಂಬಿದ ಸಿಲಿಂಡರನ್ನು ಕಾಲಲ್ಲಿ ತಳ್ಳುತ್ತೇವೆ, ಅಲ್ವಾ? ಮಡಚಿದ ಸೈಕಲ್‌ನ ಕಷ್ಟವೂ ಅಷ್ಟೇ. ಹೊರಲು ಆಗುತ್ತದೆ, ಬಗ್ಗಿ ಮೂಲೆಗೆ ಸೇರಿಸಲು ಆಗುವುದಿಲ್ಲ. 18 ಎಂಎಂ ಪ್ಲೈವುಡ್ ಹಲಗೆಗೆ ನಾಲ್ಕು ಸಣ್ಣ ಗಾಲಿ ಹಾಕಿದೆ, ಎರಡಕ್ಕೆ ಬ್ರೇಕ್. ಟೈರು ಕೂರಲು ಎರಡು ಪಟ್ಟಿ ಹೊಡೆದೆ. ಒಟ್ಟು ಏಳುನೂರು ರೂಪಾಯಿ. ಅದರ ಮೇಲೆ ಬರುವಂತೆ 90 ಉದ್ದ, 45 ಅಗಲದ ಇಸ್ತ್ರಿ ಮೇಜು ಬಡಗಿ ಹತ್ತಿರ ಮಾಡಿಸಿದೆ. ಇಲ್ಲಿ ತಪ್ಪಿದೆ. ಗಾಲಿ, ಹಲಗೆ ಸೇರಿ ಎಂಟೂವರೆ ಸೆಂಟಿಮೀಟರ್ ಎತ್ತರ ಆಗುವುದನ್ನು ಬಡಗಿಗೆ ಹೇಳಿರಲಿಲ್ಲ. ಮೇಜಿನ ಕೆಳಗೆ 72 ಬಂತು, ನನಗೆ ಬೇಕಿದ್ದದ್ದು 75. ಕಾಲು ಬದಲಿಸಲು ನಾನೂರು ರೂಪಾಯಿ ಜಾಸ್ತಿ. ಈಗ ಒಳಗೆ 77 ಇದೆ. ನಿಂತು ಇಸ್ತ್ರಿ ಮಾಡಲು ಆ ಎತ್ತರವೇ ಚೆನ್ನಾಗಿದೆ ಅಂತ ಹೆಂಡತಿ ಹೇಳುತ್ತಾಳೆ. ಮುಂದೆ ಹಳೇ ಕಾಟನ್ ಸೀರೆಯ ಪರದೆ.

ಉಳಿದದ್ದು ಎಣ್ಣೆ ಕಲೆ. ನನ್ನ ಸೈಕಲ್ ಮಡಚಿದಾಗ ಚೈನ್ ಹೊರಗೆ ಬರುತ್ತದೆ. ಮೆಟ್ಟಿಲ ಗೋಡೆಗೆ, ಪ್ಯಾಂಟಿಗೆ, ಪರದೆಗೆ ಕಪ್ಪು. ಹೊಲಿಗೆ ಮಶೀನ್ ಎಣ್ಣೆ ಹಾಕಿ ನೋಡಿದೆ, ಸ್ವಲ್ಪ ಕಡಿಮೆಯಾಯಿತು ಅಷ್ಟೇ. ಕೊನೆಗೆ ಚೈನ್ ಬಿಚ್ಚಿ, ಪೆಟ್ರೋಲಲ್ಲಿ ತೊಳೆದು ಎರಡು ದಿನ ಬಿಸಿಲಲ್ಲಿ ಒಣಗಿಸಿದೆ. ಬಿಳಿ ಮೇಣದಬತ್ತಿ ಕರಗಿಸಿ ಅದರಲ್ಲಿ ಅದ್ದಿದೆ. ಪಾತ್ರೆಯನ್ನು ನೇರ ಬೆಂಕಿಗೆ ಇಡಬಾರದು, ಕುದಿನೀರಿನ ಪಾತ್ರೆಯೊಳಗೆ ಇಟ್ಟೇ ಕರಗಿಸಬೇಕು. ಮೇಣದ ಜೊತೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಈಗ ಚೈನ್ ಮುಟ್ಟಿದರೆ ಬೆರಳು ಬೆಳ್ಳಗೇ ಬರುತ್ತದೆ. ಒಂದು ಅದ್ದಿಗೆ ಸುಮಾರು 250 ಕಿಲೋಮೀಟರ್. ಮಳೆಯಲ್ಲಿ ನೆನೆದರೆ ಮಾತ್ರ ಅವತ್ತೇ ಒರೆಸಬೇಕು, ಇಲ್ಲದಿದ್ದರೆ ಬೆಳಗ್ಗೆಗೆ ತುಕ್ಕು.

ಮೊದಲ ಸೈಕಲ್ ನಷ್ಟ, ಗೋಡೆ, ಹಗ್ಗ, ಮೇಜು, ಟೈರು ಎಲ್ಲ ಸೇರಿ ಮೂವತ್ತೇಳು ಸಾವಿರ ದಾಟಿದೆ. ನೇರ ಡಬ್ಬದಿಂದ ಶುರು ಮಾಡಿದ್ದರೆ ಇಪ್ಪತ್ತಾರಕ್ಕೆ ಮುಗಿಯುತ್ತಿತ್ತು. ಸ್ಕೂಟರ್ ಪೆಟ್ರೋಲ್ ತಿಂಗಳಿಗೆ ಸಾವಿರ ಉಳಿಯುತ್ತಿದೆ. ಮಡಚಲು ಈಗ ಇಪ್ಪತ್ತೈದು ಸೆಕೆಂಡ್. ಹಿಡಿಯುವ ಜಾಗ ಕತ್ತಲಲ್ಲೂ ಸಿಗಲಿ ಅಂತ, ತೂಕ ಸಮ ಬರುವ ಕಡೆ ಫ್ರೇಮಿಗೆ ಹಳೇ ಟ್ಯೂಬ್ ಸುತ್ತಿದ್ದೇನೆ.

ಹೋದ ತಿಂಗಳು ನಮ್ಮ ಮಿಲ್ಲಿಂಗ್ ಸೆಕ್ಷನ್ನಿನ ಹುಡುಗ, "ಅಣ್ಣಾ, ಯಾವ ಸೈಕಲ್ ತಗೊಳ್ಳಲಿ?" ಅಂತ ಕೇಳಿದ. ಮೊದಲು ಡಬ್ಬ ಮಾಡು ಅಂದೆ. ಮೊನ್ನೆ ಫೋಟೋ ತೋರಿಸಿದ. ವಾಶಿಂಗ್ ಮಶೀನ್ ಪಕ್ಕ 52 ಸೆಂಟಿಮೀಟರ್ ಸಿಕ್ಕಿದೆ, ಡಬ್ಬ ಎಂಟು ದಿನದಿಂದ ಅಲ್ಲೇ ಇದೆ, ಅವನ ಅಮ್ಮ ಬೈದಿಲ್ಲ. ಅವನಿಗೆ ಮೇಜು ಬೇಕಾಗಿಲ್ಲ, ಗಾಲಿ ಹಲಗೆ ಸಾಕು. ನನ್ನ ಹತ್ತಿರ ಪ್ಲೈವುಡ್ ತುಂಡು ಉಳಿದಿದೆ. ಈ ಭಾನುವಾರ ಅದಕ್ಕೇ ಗಾಲಿ ಕೂರಿಸಿ ಕೊಡುತ್ತೇನೆ.