ಮಳೆಗಾಲದ ರಾತ್ರಿ ಹಾರುಗಪ್ಪೆಯ ಫೋಟೊ ತೆಗೆಯುವುದು ಹೇಗೆ?

ಮರದಿಂದ ಮರಕ್ಕೆ ತೇಲುವ ಮರಗಪ್ಪೆ, ಅಂದರೆ ಹಾರುಗಪ್ಪೆಯ ಫೋಟೊ ಬೇಕೆಂದು ಟಾರ್ಚ್ ಹಿಡಿದು ಕಾಡೆಲ್ಲ ಅಲೆಯುವವರಿಗೆ ನಾನು ಹೇಳುವುದು ಒಂದೇ: ಕಪ್ಪೆಯನ್ನು ಹುಡುಕಬೇಡಿ, ಅದು ಮೊಟ್ಟೆಯಿಡುವ ನೊರೆಗೂಡು ಹುಡುಕಿ. ನಿಂತ ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಸೋಪಿನ ನೊರೆಯಂಥ ಬಿಳಿ ಮುದ್ದೆ ಎಲೆಗಳಿಗೆ ಅಂಟಿಕೊಂಡಿದ್ದರೆ ಮಲಬಾರ್ ಹಾರುಗಪ್ಪೆ ಆ ಜಾಗಕ್ಕೆ ಬಂದುಹೋಗಿರುವ ಸಾಧ್ಯತೆ ಇದೆ. ಹಗಲಲ್ಲೇ ನೋಡಿಟ್ಟುಕೊಳ್ಳಿ. ಕತ್ತಲಾಗುವ ಹೊತ್ತಿಗೆ ಹೋಗಿ ಸುಮ್ಮನೆ ಕೂತರೆ, ಹೆಣ್ಣನ್ನು ಕರೆಯಲು ಗಂಡುಗಳು ತಾವೇ ನೀರಿನ ಕಡೆಗೆ ಇಳಿದು ಬರುತ್ತವೆ.

ಮೃಗಶಿರಾ ಮಳೆ ಹಿಡಿದ ಮೇಲೆ ಹೊರಡಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ದಟ್ಟ ಕಾಡಿಗೇ ನುಗ್ಗಬೇಕೆಂದಿಲ್ಲ; ಅಡಕೆ ತೋಟದ ಹೊಂಡ, ಮನೆ ಹಿಂದಿನ ತೆರೆದ ಬಾವಿ ಸಾಕು. ತೋಟದವರನ್ನು ಕೇಳಿಯೇ ಹೋಗಿ. ಸೋಮೇಶ್ವರ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಹೊರಡುವ ಮುಂಚೆ ಕೈಕಾಲಿಗೆ ಏನು ಹಚ್ಚಿದ್ದೀರಿ ನೋಡಿಕೊಳ್ಳಿ. ಇಂಬಳಕ್ಕೆಂದು (ಕಾಡಿನ ಜಿಗಣೆ) ಹೊಗೆಸೊಪ್ಪಿನ ಪುಡಿ, ಉಪ್ಪು, ಸೊಳ್ಳೆಗೆಂದು ಕ್ರೀಮು ಹಚ್ಚಿಕೊಳ್ಳುವುದು ರೂಢಿ. ಕಪ್ಪೆ ನೀರನ್ನು ಚರ್ಮದಿಂದಲೇ ಹೀರುವ ಜೀವಿ. ನಿಮ್ಮ ಬೆರಳಿನ ಕ್ರೀಮು ಅದಕ್ಕೆ ವಿಷ. ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಬಟ್ಟೆಯ ಕಾಲುಚೀಲ ಹಾಕಿಕೊಂಡರೆ ಇಂಬಳಕ್ಕೆಂದು ಏನೂ ಹಚ್ಚುವುದು ಬೇಡ. ಕೊಂಬೆಗೆ ಕೈಯಿಡುವ ಮೊದಲು ಬೆಳಕು ಬಿಟ್ಟು ನೋಡಿ. ಕಪ್ಪೆಗಾಗಿ ಕಾಯುವವರು ನಾವಷ್ಟೇ ಅಲ್ಲ, ಎಲೆಯ ಬಣ್ಣದ ವಿಷದ ಗುಳಿಮಂಡಲ ಹಾವೂ ಅಲ್ಲೇ ಸುರುಳಿ ಸುತ್ತಿ ಕೂತಿರುತ್ತದೆ.

ಸಲಕರಣೆ ಹೆಚ್ಚೇನೂ ಬೇಡ. ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ 90ರಿಂದ 105 ಮಿ.ಮೀ. ಮ್ಯಾಕ್ರೊ ಲೆನ್ಸ್, ಒಂದು ಫ್ಲ್ಯಾಶ್. ಒದ್ದೆ ಚರ್ಮ ಕನ್ನಡಿಯಿದ್ದಂತೆ. ಬರಿಯ ಫ್ಲ್ಯಾಶ್ ಹೊಡೆದರೆ ಬೆನ್ನ ಮೇಲೆಲ್ಲ ಬಿಳಿ ಚುಕ್ಕೆ ಬಿದ್ದು ಹಸಿರು ಹಾಳಾಗುತ್ತದೆ. ಐಸ್‌ಕ್ರೀಮ್ ಡಬ್ಬಿಯ ಬಿಳಿ ಮುಚ್ಚಳವನ್ನೋ ಟ್ರೇಸಿಂಗ್ ಪೇಪರನ್ನೋ ಫ್ಲ್ಯಾಶಿನ ಮುಂದೆ ಕಟ್ಟಿ, ಬೆಳಕು ಮೃದುವಾಗುತ್ತದೆ. ಲೆನ್ಸಿನ ಕಿಂಡಿ (ಅಪರ್ಚರ್) ಎಫ್/11, ಶಟರ್ ವೇಗ 1/200 ಸೆಕೆಂಡು, ಬೆಳಕಿನ ಸಂವೇದನೆ ಐಎಸ್‌ಒ 400ರಿಂದ ಶುರು ಮಾಡಿ. ಎ.ಸಿ. ಕಾರಿನಿಂದ ಇಳಿದವರೇ ಕ್ಯಾಮೆರಾ ತೆಗೆಯಬೇಡಿ, ಲೆನ್ಸ್ ಮಬ್ಬಾಗುತ್ತದೆ. ಅರ್ಧ ಗಂಟೆ ಚೀಲದಲ್ಲೇ ಇರಲಿ. ಮಳೆಗೆ ಕೊಡೆಗಿಂತ ಎಲೆ ಹೆಣೆದ ಹಳೆಯ ಗೊರಬು ವಾಸಿ. ತಲೆಯಿಂದ ಬೆನ್ನಿನವರೆಗೆ ಮುಚ್ಚಿ ಎರಡೂ ಕೈ ಖಾಲಿ ಬಿಡುತ್ತದೆ.

ಈಗ ಕಪ್ಪೆ ಎದುರಿಗಿದೆ. ಮೇಲಿನಿಂದ ಹೊಡೆದರೆ ಹಸಿರು ಉಂಡೆ ಮಾತ್ರ ಸಿಗುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ಬಗ್ಗಿ, ಅಡ್ಡವಾಗಿ ಸೀಳಿದಂತಿರುವ ಪಾಪೆಗೇ ಫೋಕಸ್ ಮಾಡಿ. ಬೆರಳುಗಳ ನಡುವಿನ ಕಿತ್ತಳೆ-ಕೆಂಪು ಜಾಲಪೊರೆ ಕೂತಿರುವಾಗ ಮಡಚಿಕೊಂಡಿರುತ್ತದೆ. ಅದು ಕಾಣುವುದು ಕಪ್ಪೆ ಇನ್ನೊಂದು ಎಲೆಗೆ ಕೈ ಚಾಚಿದಾಗ, ಆ ಒಂದು ಗಳಿಗೆಗಾಗಿ ಕಾಯಬೇಕು. ಒಂಬತ್ತು-ಹತ್ತು ಮೀಟರ್ ತೇಲಬಲ್ಲ ಕಪ್ಪೆ ಇದು, ನಿಜ. ಹಾಗೆಂದು ಹಾರುವ ಚಿತ್ರಕ್ಕಾಗಿ ಅದನ್ನು ಹಿಡಿದು ಎಸೆಯುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಅದೃಷ್ಟವಿದ್ದರೆ ಗೂಡು ಕಟ್ಟುವುದೇ ಸಿಗುತ್ತದೆ. ದೊಡ್ಡ ಹೆಣ್ಣು, ಬೆನ್ನ ಮೇಲೆ ಅವುಚಿಕೊಂಡ ಸಣ್ಣ ಗಂಡು. ಹೆಣ್ಣು ಹಿಂಗಾಲುಗಳಿಂದ ಮಜ್ಜಿಗೆ ಕಡೆದಂತೆ ಕಡೆಯುತ್ತ ಹೋದ ಹಾಗೆ ಅಂಟು ದ್ರವ ನೊರೆಯಾಗಿ ಉಬ್ಬುತ್ತದೆ, ಮೊಟ್ಟೆಗಳು ಅದರೊಳಗೆ ಸೇರುತ್ತವೆ. ಆಗ ತಲೆಗೆ ಕಟ್ಟಿದ ಟಾರ್ಚ್ ಆರಿಸಿ, ಮಂದವಾದ ಕೆಂಪು ಬೆಳಕಿನಲ್ಲಿ ಫೋಕಸ್ ಮಾಡಿ, ನಾಲ್ಕೈದು ಚಿತ್ರಕ್ಕೆ ನಿಲ್ಲಿಸಿ.

ಅಡ್ಡ ಬಂದ ಎಲೆಯನ್ನೂ ಮುಟ್ಟಬೇಡಿ. ಮೊದಲ ವರ್ಷ ನಾನು ಗೂಡು ಸರಿಯಾಗಿ ಕಾಣಲೆಂದು ಪಕ್ಕದ ಕೊಂಬೆಯನ್ನು ದಾರದಲ್ಲಿ ಹಿಂದಕ್ಕೆ ಕಟ್ಟಿದ್ದೆ, ಬಿಚ್ಚಲು ಮರೆತೆ. ಮಾರನೆಯ ದಿನ ಹೊಳವಾಗಿ ಬಿಸಿಲು ಬಿತ್ತು. ಸಂಜೆ ಹೋಗಿ ನೋಡಿದರೆ ನೊರೆ ಹಪ್ಪಳದಂತೆ ಒಣಗಿ ಬಿರುಕು ಬಿಟ್ಟಿತ್ತು. ಒಳಗೆ ತೇವವೇ ಇರಲಿಲ್ಲ. ಆ ಚಿತ್ರವನ್ನು ನಾನು ಇದುವರೆಗೆ ಯಾರಿಗೂ ತೋರಿಸಿಲ್ಲ.

ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟಿನ ಕೆಸರು ತೊಳೆದು ಚೆನ್ನಾಗಿ ಒಣಗಿಸಿ. ಜಗತ್ತಿನ ಹಲವೆಡೆ ಕಪ್ಪೆಗಳನ್ನು ಕೊಂದಿರುವ ಕೈಟ್ರಿಡ್ ಶಿಲೀಂಧ್ರ ನೀರು, ಕೆಸರಿನ ಜೊತೆಗೇ ಸಾಗುತ್ತದೆ. ಚಿತ್ರ ಹಂಚಿಕೊಳ್ಳುವಾಗ ಹೊಂಡದ ಗುರುತು ಬರೆಯಬೇಡಿ, ಫೋನಿನ ಲೊಕೇಶನ್ ತೆಗೆದುಬಿಡಿ.

ಕೆಲವು ದಿನ ಬಿಟ್ಟು ಅದೇ ಗೂಡಿಗೆ ಮತ್ತೆ ಹೋಗಿ. ಒಳ್ಳೆಯ ಮಳೆ ಬಂದ ಬೆಳಗಾದರೆ ಇನ್ನೂ ಒಳ್ಳೆಯದು. ನೊರೆಯ ತಳ ಕರಗಿ ಜೋತುಬಿದ್ದಿರುತ್ತದೆ, ಹನಿಯ ತುದಿಯಲ್ಲಿ ಗೊದಮೊಟ್ಟೆಯ ಬಾಲ ಮಿಸುಕುತ್ತಿರುತ್ತದೆ. ಶಟರನ್ನು 1/1000ಕ್ಕೆ ಏರಿಸಿ, ಹಿನ್ನೆಲೆಗೆ ಕಪ್ಪು ನೀರು ಬರುವಂತೆ ಕೂತುಕೊಳ್ಳಿ. ಮೊದಲ ಗೊದಮೊಟ್ಟೆ ಬಿದ್ದ ಮೇಲೆ ಉಳಿದವಕ್ಕೆ ಬಹಳ ಹೊತ್ತು ಕಾಯಬೇಕಾಗಿಲ್ಲ.